ಸುನಂದಾಳ ಹದಿನೈದನೆಯ ಫೋಟೋ

ಇಂಡಿ ಊರಿನ ಬಸ್ ಸ್ಟ್ಯಾಂಡಿನ ಎದುರಿಗೆ ಶ್ರೀಶೈಲಪ್ಪನ ಫೋಟೋ ಸ್ಟುಡಿಯೋ ಇದೆ. ಅವನ ಕಂಪ್ಯೂಟರಿನಲ್ಲಿ ಸುನಂದಾಳ ಹೆಸರಿನದೇ ಒಂದು ಫೋಲ್ಡರು, ಅದರಲ್ಲಿ ಹದಿನಾಲ್ಕು ಫೋಟೋ. ಎಲ್ಲವೂ ಗಂಡಿನ ಕಡೆಯವರಿಗೆ ಕಳಿಸಲೆಂದೇ ತೆಗೆದವು. ಹತ್ತು ವರ್ಷದಲ್ಲಿ ಹದಿನಾಲ್ಕು ಸೀರೆ ಬದಲಾದವು. ಹಿಂದಿನ ಪರದೆಯ ಮೇಲಿನ ಜಲಪಾತ ಬದಲಾಗಲಿಲ್ಲ, ಸುನಂದಾಳ ಬಾಯಿಯೂ ಬದಲಾಗಲಿಲ್ಲ. ಹದಿನಾಲ್ಕರಲ್ಲೂ ಅದು ಗೋಂದು ಹಚ್ಚಿದ ಲಕೋಟೆಯಂತೆ ಮುಚ್ಚಿಕೊಂಡಿದೆ.

ಅವಳ ಮುಂದಿನ ಎರಡು ಹಲ್ಲು ತುಸು ಹೊರಗೆ ಬಂದಿವೆ. ಅಷ್ಟೇ ಸಂಗತಿ. ಆ ಹಲ್ಲಿನಿಂದ ಅವಳು ಕಬ್ಬು ಸಿಗಿದಿದ್ದಾಳೆ, ಕಡ್ಲಿ ಕಡಿದಿದ್ದಾಳೆ, ಯಾರನ್ನೂ ಕಚ್ಚಿಲ್ಲ. ಆದರೂ ನಾಲ್ಕು ತಾಲೂಕಿನ ವರಗಳು ಬಂದು, ಅವಳ ತಾಯಿ ಸಿದ್ದವ್ವ ಮಾಡಿದ ಉಪ್ಪಿಟ್ಟು ತಿಂದು, ಎರಡೆರಡು ಸಲ ಚಹಾ ಕುಡಿದು, "ಫೋನ್ ಮಾಡ್ತೇವ್ರಿ" ಎಂದು ಎದ್ದು ಹೋದರು. ಸಿಂದಗಿಯಿಂದ ಬಂದಿದ್ದವನ ಸ್ವಂತ ಹಲ್ಲುಗಳು ಗುಟಕಾ ತಿಂದು ಇಟ್ಟಂಗಿಯ ಬಣ್ಣಕ್ಕೆ ತಿರುಗಿದ್ದವು. ಅವನ ಸೋದರತ್ತೆ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಹುಡಗಿ ಚಲೋ ಅದಾಳ. ನಗಲಾರದಂಗ ಇದ್ರ ಸಾಕು" ಎಂದು ಹೇಳಿ ಹೋದಳು. ಅಂದಿನಿಂದ ಮನೆಗೆ ಯಾರು ಬಂದರೂ ಸಿದ್ದವ್ವ ಮಗಳ ಕಡೆ ನೋಡಿ ತನ್ನ ತುಟಿಯ ಮೇಲೆ ಬೆರಳಿಡುತ್ತಿದ್ದಳು. ಬರಬರುತ್ತ ಬೆರಳೂ ಬೇಕಾಗಲಿಲ್ಲ. ಸುನಂದಾಳ ಕೈ ತಾನಾಗಿಯೇ ಎದ್ದು ಬಾಯಿಗೆ ಹೋಗುತ್ತಿತ್ತು.

ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಮಾತ್ರ ಹಾಗಿರಲಿಲ್ಲ. ಅಲ್ಲಿ ಅವಳು ಪ್ರಥಮ ದರ್ಜೆ ಸಹಾಯಕಿ. ಗುತ್ತಿಗೆದಾರರು ಸುಳ್ಳು ಕಾಗದ ತಂದರೆ ಬಾಯ್ತುಂಬ ಬೈಯುತ್ತಿದ್ದಳು, ಕಾಲುವೆಯ ತುದಿಗೆ ನೀರು ಬರಲಿಲ್ಲವೆಂದು ಬಂದ ರೈತರ ಕೂಡ ಗಂಟೆಗಟ್ಟಲೆ ಜಗ್ಗಾಡುತ್ತಿದ್ದಳು, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮೇಲಿನ ಮಹಡಿಗೆ ಕೇಳುವಂತೆ ನಗುತ್ತಿದ್ದಳು. ಶನಿವಾರ ಸಂಜೆ ಇಂಡಿಯ ಬಸ್ಸು ಹತ್ತಿದಳೆಂದರೆ ಮುಗಿಯಿತು. ಒಂದೇ ಹೆಂಗಸಿಗೆ ಎರಡು ಬಾಯಿ: ಒಂದು ಸರ್ಕಾರದ್ದು, ಒಂದು ಮನೆಯದು.

ಕೊನೆಗೆ ಹದಿನಾಲ್ಕನೆಯ ಫೋಟೋಕ್ಕೆ ಒಬ್ಬ ಒಪ್ಪಿದ. ಸಂಜೀವಕುಮಾರ. ಬಸವನ ಬಾಗೇವಾಡಿಯವನು, ಮುದ್ದೇಬಿಹಾಳದ ದನದ ದವಾಖಾನೆಯಲ್ಲಿ ಕೆಲಸ. ನೋಡಲು ಬಂದ ದಿನ ಸುನಂದಾ ಹೆಸರು, ಓದು, ಕೆಲಸ ಮೂರನ್ನೂ ಸೆರಗಿನ ಹಿಂದಿನಿಂದಲೇ ಹೇಳಿದ್ದಳು. ನಿಶ್ಚಯವಾಗಿ ಎರಡು ತಿಂಗಳಾಗಿತ್ತು. ವಿಡಿಯೋ ಕಾಲಿನಲ್ಲೂ ದುಪಟ್ಟಾದ ತುದಿ ಅವಳ ಮೂಗಿನ ಕೆಳಗೇ ಇರುತ್ತಿತ್ತು.

"ನಿಮ್ಮ ನಾಚಿಗಿ ನಮ್ಮವ್ವಗ ಭಾಳ ಸೇರೈತ್ರಿ" ಎಂದು ಅವನು ಒಮ್ಮೆ ಹೇಳಿದ.

ಫೋನಿಟ್ಟ ಮೇಲೆ ಸುನಂದಾಳಿಗೆ ಹೇಸಿಕೆ ಬಂತು. ನಾಚಿಕೆಯಂತೆ! ಮದುವೆಗೆ ಹದಿನೈದು ದಿನ ಉಳಿದಿತ್ತು. ಆಮೇಲೆ ಆ ಮನೆಯಲ್ಲಿ ಊಟಕ್ಕೆ ಕೂತಾಗ, ಆಕಳಿಸುವಾಗ, ನಿದ್ದೆಯಲ್ಲಿ, ಯಾವ ಕೈಯಿಂದ ಎಷ್ಟು ವರ್ಷ ಮುಚ್ಚಿಕೊಂಡಿರಬೇಕು? ಅವರು ಮಾತು ಕೊಟ್ಟಿದ್ದು ಅವಳಿಗಲ್ಲ, ಶ್ರೀಶೈಲಪ್ಪನ ಫೋಟೋಕ್ಕೆ. ಇದನ್ನು ಅವನಿಗೆ ಬಾಯಿಬಿಟ್ಟು ಹೇಳಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದಳು, ದಿನಾ ಹೆದರುತ್ತಿದ್ದಳು.

ಹೀಗಿರುವಾಗ ಮೂವರು ಗೆಳತಿಯರನ್ನು ಕಟ್ಟಿಕೊಂಡು ಸುವರ್ಣಾ ಮನೆಗೆ ಬಂದಳು. ಸುವರ್ಣಾ ಅವಳ ಬಾಲ್ಯದ ಗೆಳತಿ, ಇಂಡಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಊರಿನಲ್ಲಿ ಯಾರ ಸೀಮಂತವಿರಲಿ, ಯಾರ ನಿವೃತ್ತಿಯಿರಲಿ, ಕೈಯಲ್ಲಿ ಮೈಕು ಹಿಡಿಯದಿದ್ದರೆ ಅವಳಿಗೆ ಅನ್ನ ಇಳಿಯುವುದಿಲ್ಲ. ಫೋನಿನಲ್ಲಿ ಏನನ್ನೋ ನೋಡಿ ಬಂದಿದ್ದಳು.

"ನಿನಗ ಬ್ಯಾಚಲರೆಟ್ ಪಾರ್ಟಿ ಮಾಡಾಕತ್ತೇವಿ" ಎಂದಳು. "ಲಗ್ನಕ್ಕ ಮೊದಲ ಗೆಳತ್ಯಾರು ಕೂಡಿ ಮಾಡೋದು. ಇಂಡಿ ತಾಲೂಕಿನಾಗ ಇದುವರೆಗೂ ಯಾರೂ ಮಾಡಿಲ್ಲ."

"ಯಾರೂ ಮಾಡಿಲ್ಲ ಅಂದ್ರ ಅದಕ್ಕೊಂದು ಕಾರಣ ಇರತೈತಿ" ಎಂದಳು ಸುನಂದಾ.

ಸುವರ್ಣಾಳ ಕಿವಿಗೆ ಇಂಥ ಮಾತು ಹೋಗುವುದಿಲ್ಲ. ಆಲಮಟ್ಟಿಯ ಉದ್ಯಾನಕ್ಕೆ ಹೋಗೋಣ ಎಂದಳು; ದಿನಾ ಹಾಜರಿ ಹಾಕುವ ಊರಿಗೆ ರಜೆಯ ದಿನವೂ ಹೋಗುವ ಹಣೆಬರಹ ತನಗೆ ಬೇಡ ಎಂದಳು ಸುನಂದಾ. ಹೊರ್ತಿಯ ನಿಂಬೆ ತೋಟದಲ್ಲಿ ಮಾಡೋಣ ಎಂದಳು. ಸೀರೆಗೆ ಮುಳ್ಳು ಸಿಗುತ್ತವೆ ಎಂದು ಉಳಿದ ಮೂವರು ಗೆಳತಿಯರೇ ಒಲ್ಲೆ ಎಂದರು. ಆಗ ಸುವರ್ಣಾ ಚೀಲದಿಂದ ಒಂದು ಹಾಳೆ ತೆಗೆದು ಓದಿದಳು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಆಟ, ಅಲ್ಪೋಪಾಹಾರ, ವಂದನಾರ್ಪಣೆ.

"ವಂದನಾರ್ಪಣಿ ಯಾರಿಗೆ ಲೇ?" ಎಂದಳು ಸುನಂದಾ. "ನನ್ನ ಒಲ್ಲೆ ಅಂದು ಹೋದ ಹದಿಮೂರು ಮಂದಿಗೇನು?"

"ನೀ ಸುಮ್ಮನ ಕೇಳು. ಮುಖ್ಯದ್ದು ಇನ್ನೂ ಐತಿ. ಶ್ರೀಶೈಲಣ್ಣನ ಸ್ಟುಡಿಯೋ ಮಧ್ಯಾಹ್ನ ಪೂರ್ತಿ ನಮಗ. ಒಳಗ ಗಂಡಸರಿಲ್ಲ, ನಾವೂ ಇಲ್ಲ. ನೀ ಒಬ್ಬಾಕಿನ. ಕ್ಯಾಮೆರಾ ನಿಂತಿರತೈತಿ, ಗುಂಡಿ ನಿನ್ನ ಕೈಯಾಗ. ಹೆಂಗ ಬೇಕೋ ಹಂಗ ನಿನ್ನ ಫೋಟೋ ನೀನ ತಕ್ಕೊಳ್ಳೋದು. ಪುಣೆದಾಗ ಹಿಂಗ ಮಾಡ್ತಾರಂತ."

ಸುವರ್ಣಾಳ ತಲೆಯಲ್ಲಿ ಇಷ್ಟು ವರ್ಷಕ್ಕೆ ಒಂದು ಒಳ್ಳೆಯ ವಿಚಾರ ಹೊಕ್ಕಿದೆಯಲ್ಲ ಎಂದು ಸುನಂದಾಳಿಗೆ ಆಶ್ಚರ್ಯವಾಯಿತು. ಎದುರಿಗೆ ಯಾರೂ ಇಲ್ಲದಿದ್ದರೆ ತಾನು ನಗುವ ಒಂದು ಫೋಟೋ ಸಿಗುತ್ತದೆ. ಬಾಯಿಯಿಂದ ಹೇಳಲಾಗದ್ದನ್ನು ಸಂಜೀವಕುಮಾರನಿಗೆ ಕಳಿಸಿಬಿಟ್ಟರಾಯಿತು. ಸೇರಿದರೆ ಮದುವೆ, ಸೇರದಿದ್ದರೆ ಅಕ್ಕಿಕಾಳು ಬೀಳುವ ಮೊದಲೇ ಮುಗಿದುಹೋಗಲಿ.

ಶ್ರೀಶೈಲಪ್ಪನನ್ನು ಒಪ್ಪಿಸಲು ಅರ್ಧ ತಾಸು ಹಿಡಿಯಿತು. ಇಪ್ಪತ್ತೇಳು ವರ್ಷದಿಂದ ಊರಿನ ಗದ್ದಗಳನ್ನೆಲ್ಲ ಎರಡು ಬೆರಳಿನ ಸನ್ನೆಯಲ್ಲಿ ಏರಿಸಿ ಇಳಿಸಿದ ಮನುಷ್ಯ.

"ಕ್ಯಾಮೆರಾ ಹಿಂದ ನಾ ಇರಬಾರದು ಅಂದ್ರ ಹೆಂಗ್ರಿ ಟೀಚರ?" ಎಂದ. "ಫೋಟೋ ಕೆಟ್ರ ಹೆಸರು ಯಾರದು ಕೆಡತೈತಿ?"

"ನೀವು ಹೊರಗ ಕೌಂಟರಿನಾಗ ಕೂಡ್ರಿ" ಎಂದಳು ಸುವರ್ಣಾ, ಗದ್ದಲ ಮಾಡುವ ಹುಡುಗನನ್ನು ತರಗತಿಯಿಂದ ಹೊರಹಾಕುವ ದನಿಯಲ್ಲಿ.

ಭಾನುವಾರ ಮಧ್ಯಾಹ್ನ ಐವರು ಹೆಂಗಸರು ಸ್ಟುಡಿಯೋದಲ್ಲಿ ಸೇರಿದರು. ಪ್ರಾರ್ಥನೆಯಾಯಿತು. ಸ್ವಾಗತವಾಯಿತು. "ಭಾವೀ ವಧು" ಎಂದು ಬಂಗಾರದ ಅಕ್ಷರದಲ್ಲಿ ಬರೆದ ಕೆಂಪು ಪಟ್ಟಿಯನ್ನು ಸುವರ್ಣಾ ಸುನಂದಾಳ ಹೆಗಲಿಗೆ ಹಾಕಿದಳು. ಕನ್ನಡಿಯಲ್ಲಿ ನೋಡಿಕೊಂಡರೆ ಪಂಚಾಯ್ತಿ ಚುನಾವಣೆಗೆ ನಿಂತವಳ ಹಾಗೆ ಕಾಣುತ್ತಿತ್ತು. ಪ್ರಾಸ್ತಾವಿಕ ನುಡಿಯಲ್ಲಿ ಸುವರ್ಣಾ ಸ್ತ್ರೀ ಸ್ವಾತಂತ್ರ್ಯದ ಬಗ್ಗೆ ಹನ್ನೆರಡು ನಿಮಿಷ ಮಾತಾಡಿದಳು. ಅಷ್ಟರಲ್ಲಿ ಅವಳ ಗಂಡನ ಫೋನು ಎರಡು ಸಲ ಬಂತು, ಎರಡೂ ಸಲ ಎದ್ದು ನಿಂತು ಮಾತಾಡಿದಳು. ಮಿರ್ಚಿ ಭಜಿ ಆರಿ ತಣ್ಣಗಾದವು. ಆಮೇಲೆ ಎಲ್ಲರೂ ಕೌಂಟರಿನ ಕಡೆ ಹೋದರು, ಪರದೆ ಇಳಿಯಿತು, ಸುನಂದಾ ಒಳಗೆ ಒಬ್ಬಳೇ ಉಳಿದಳು.

ಪಟ್ಟಿ ಕಿತ್ತು ಕುರ್ಚಿಯ ಮೇಲೆ ಒಗೆದಳು. ಕ್ಯಾಮೆರಾದ ಪಕ್ಕದ ಟಿವಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಗುಂಡಿ ಒತ್ತಿದರೆ ಮೂರು ಸಲ ಬೀಪ್ ಎಂದು, ಟಪ್ಪೆಂದು ಬೆಳಕು ಬೀಳುತ್ತಿತ್ತು. ಮೊದಲನೆಯದನ್ನು ತೆಗೆದು ನೋಡಿದಳು. ಬಾಯಿ ಮುಚ್ಚಿತ್ತು. ತೆರೆದೇ ಇತ್ತಲ್ಲ ಎಂದುಕೊಂಡು ಎರಡನೆಯದು ತೆಗೆದಳು. ಮೂರನೆಯ ಬೀಪಿಗೆ ಸರಿಯಾಗಿ ತುಟಿಗಳು ಓಡಿ ಬಂದು ಕೂಡಿಕೊಂಡವು. ಮೂರನೆಯದು, ನಾಲ್ಕನೆಯದು, ಒಂಬತ್ತನೆಯದು. ಎಲ್ಲದರಲ್ಲೂ ಅದೇ ಲಕೋಟೆ.

ಸುನಂದಾ ಕುರ್ಚಿಯ ಮೇಲೆ ಕುಸಿದಳು. ಹತ್ತು ವರ್ಷ ಅವಳು ಎಲ್ಲರನ್ನೂ ತುಚ್ಛವಾಗಿ ನೋಡಿದ್ದಳು: ಸಿಂದಗಿಯ ಸೋದರತ್ತೆಯನ್ನು, ಬೆರಳಿಡುವ ತಾಯಿಯನ್ನು, ಶ್ರೀಶೈಲಪ್ಪನನ್ನು. ಈಗ ಈ ಖೋಲಿಯಲ್ಲಿ ಅವರಲ್ಲಿ ಒಬ್ಬರೂ ಇರಲಿಲ್ಲ, ಆದರೂ ಯಾರೋ ಬಾಯಿ ಮುಚ್ಚಿಸುತ್ತಿದ್ದರು. ಯಾರು? ತಾನೇ. ಅವರೆಲ್ಲರ ಕೆಲಸವನ್ನು ಪಗಾರಿಲ್ಲದೆ ತಾನೇ ಮಾಡುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಇನ್ನಿಲ್ಲದ ತಿರಸ್ಕಾರ ಬಂತು, ಕಣ್ಣಲ್ಲಿ ನೀರೂ ಬಂತು. ಸಿಟ್ಟಿನಿಂದ ಮತ್ತೊಮ್ಮೆ ಗುಂಡಿ ಒತ್ತಿದಳು.

ಬೀಪ್ ಎಂದಿತು. ಹೊರಗೆ ಕೌಂಟರಿನಲ್ಲಿ ಕೂತಿದ್ದ ಶ್ರೀಶೈಲಪ್ಪನಿಗೆ ಆ ಸಪ್ಪಳವನ್ನು ತಡೆದುಕೊಳ್ಳಲಾಗಲಿಲ್ಲ. ಏನೂ ಕಾಣದಿದ್ದರೂ, ಯಾರೂ ಕೇಳದಿದ್ದರೂ, ಪರದೆಯ ಆಚೆಯಿಂದ ಕೂಗಿದ: "ಗದ್ದ ಇಳಸು ತಂಗೀ, ತುಟಿ ಸೇರಸು!"

ಸುನಂದಾಳಿಗೆ ಮೊದಲು ನಂಬಿಕೆಯಾಗಲಿಲ್ಲ. ಆಮೇಲೆ ನಗು ಹೊಟ್ಟೆಯಿಂದ ಎದ್ದು ಬಂತು. ಕಾಲುವೆ ಕಚೇರಿಯ ಮೇಲಿನ ಮಹಡಿಗೆ ಕೇಳುವಂಥ ನಗು. ಕುರ್ಚಿ ಹಿಡಿದುಕೊಂಡು, ತಲೆ ಹಿಂದಕ್ಕೆ ಒಗೆದು ನಕ್ಕಳು. ಟಪ್ಪೆಂದು ಬೆಳಕು ಬಿತ್ತು. ಟಿವಿಯಲ್ಲಿ ಬಂದ ಮುಖವನ್ನು ಅವಳು ಬಹಳ ಹೊತ್ತು ನೋಡಿದಳು. ಹಲ್ಲು ಕಾಣುತ್ತಿದ್ದವು, ಒಸಡೂ ಕಾಣುತ್ತಿತ್ತು, ಕಣ್ಣಿನ ತುದಿಯಲ್ಲಿ ನೀರಿತ್ತು. ಚೆಂದ ಇದ್ದೇನಲ್ಲ ಎನಿಸಿತು. ಮೂವತ್ಮೂರು ವರ್ಷಕ್ಕೆ ಮೊದಲ ಸಲ ಹಾಗೆ ಎನಿಸಿದ್ದು.

ಟಿವಿಯ ಮುಂದೆ ಫೋನು ಹಿಡಿದು ಅದನ್ನು ತೆಗೆದುಕೊಂಡು, ಅಲ್ಲಿಂದಲೇ ಸಂಜೀವಕುಮಾರನಿಗೆ ಕಳಿಸಿದಳು. ಕಳಿಸಿ ಹೊರಗೆ ಬಂದಳು. ಗೆಳತಿಯರು ಭಜಿ ತಿನ್ನುತ್ತಿದ್ದರು, ಸುವರ್ಣಾ ವಂದನಾರ್ಪಣೆ ಮಾಡುತ್ತಿದ್ದಳು, ಸುನಂದಾಳಿಗೆ ಒಂದು ಮಾತೂ ಕೇಳಿಸಲಿಲ್ಲ.

ಉತ್ತರ ಬಂದಿದ್ದು ಸೋಮವಾರ ಮಧ್ಯಾಹ್ನ. "ಚಲೋ ಐತ್ರಿ. ಅವ್ವಗ ತೋರಸಾಕ ಬಾಯಿ ಮುಚ್ಚಿದ್ದೊಂದು ಕಳಿಸ್ರಿ."

ಸುನಂದಾ ಕಚೇರಿಯ ಹಿಂದಿನ ಬೇವಿನ ಗಿಡದ ಕೆಳಗೆ ಹೋಗಿ ಫೋನು ಹಚ್ಚಿದಳು.

"ಎತ್ತು ತಗೊಳ್ಳೋರು ನಿಮ್ಮನ್ನ ಕೇಳಾಕ ಬರ್ತಾರಲ್ರಿ, ಅವರಿಗೆ ಏನು ಹೇಳತೀರಿ?" ಎಂದಳು.

ಯಾಕೆ ಕೇಳುತ್ತಾಳೆಂದು ಅವನಿಗೆ ತಿಳಿಯಲಿಲ್ಲ. "ಮೊದಲ ಬಾಯಿ ತೆರದು ಹಲ್ಲು ನೋಡ್ರಿ ಅಂತೇನಿ."

"ಎತ್ತು ಮಾರಾವ ಬಾಯಿ ತೆರೀಲಿಕ್ಕೆ ಬಿಡಲಿಲ್ಲ ಅಂದ್ರ?"

"ಬಿಟ್ಟು ಬರ್ರಿ ಅಂತೇನಿ."

"ನಾ ಎತ್ತಲ್ರಿ. ಆದ್ರೂ ನಾನ ತೆರದು ತೋರಿಸೇನಿ. ನೋಡಾಕ ನಿಮ್ಮವ್ವಗ ಏನು ಅಡ್ಡಿ?"

ಆ ಕಡೆ ಎಮ್ಮೆಯೊಂದು ಒದರಿತು. ಸಂಜೀವಕುಮಾರ ಅದಕ್ಕಿಂತ ತಡವಾಗಿ ಬಾಯಿಬಿಟ್ಟ. "ನನಗ ಅಡ್ಡಿ ಇಲ್ರಿ, ಖರೇನ. ಅವ್ವಗ ಹೆಂಗ ಹೇಳ್ಲಿ ಅಂತ."

"ಹೇಳಬ್ಯಾಡ್ರಿ, ತೋರಸ್ರಿ. ಒಲ್ಲೆ ಅನ್ನೋದಿದ್ರ ಇನ್ನೂ ಎಂಟು ದಿನ ಐತಿ."

"ತೋರಸ್ತೇನ್ರಿ" ಎಂದ ಅವನು. ಆ ದನಿ ಕೇಳಿದರೆ ಯಾವ ಎಮ್ಮೆಯೂ ಹೆದರುತ್ತಿರಲಿಲ್ಲ.

ಮದುವೆಯ ಬ್ಯಾನರು ಮಾಡುವವನೂ ಶ್ರೀಶೈಲಪ್ಪನೇ. ವರನ ಪಕ್ಕದಲ್ಲಿ ಹದಿನಾಲ್ಕನೆಯ ಫೋಟೋವನ್ನು ಕೂರಿಸಿ, ಸುತ್ತಲೂ ಗುಲಾಬಿ ಸುರಿದು ಸಿದ್ಧ ಮಾಡಿದ್ದ. ಸುನಂದಾ ಅದನ್ನು ತೆಗೆಸಿದಳು. ನಗುವ ಫೋಟೋವನ್ನು ಹಾಕೆಂದಳು.

"ತಂಗೀ, ಎಂಟು ಅಡಿ ಬ್ಯಾನರ ಅದು" ಎಂದು ಶ್ರೀಶೈಲಪ್ಪ ಗೋಗರೆದ. "ಬಾಗೇವಾಡಿ ಬಸ್ಸಿನಾಗ ಕುಂತವ್ರಿಗೂ ಹಲ್ಲು ಕಾಣಸ್ತಾವು. ಬೇಕಂದ್ರ ಸ್ವಲ್ಪ ಒಳಗ ಸರಸ್ತೇನಿ, ಎರಡ ನಿಮಿಷದ ಕೆಲಸ."

"ಸರಿಸಿದ್ರ ನೋಡ್ರಿ ಅಣ್ಣಾರ. ನಿಮ್ಮ ಹಲ್ಲು ಸರಿಸಬೇಕಾಗತೈತಿ" ಎಂದಳು ಸುನಂದಾ. ಸಿದ್ದವ್ವನಿಗೆ ಹೇಳಲು ಅವನು ಫೋನು ತೆಗೆದ. ಅದನ್ನೂ ಕಸಿದು ಕೌಂಟರಿನ ಮೇಲೆ ಬೋರಲಾಗಿ ಇಟ್ಟಳು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಹೆಣ್ಣಿನ ಕಡೆಯ ಟೆಂಪೋ ಬಾಗೇವಾಡಿಯ ಕಲ್ಯಾಣ ಮಂಟಪದ ಮುಂದೆ ನಿಂತಿತು. ಬೆಳಗ್ಗೆ ಅರಿಶಿನ ಹಚ್ಚಿದ್ದರಿಂದ ಸುನಂದಾಳ ಕೈಯೆಲ್ಲ ಹಳದಿ. ಬಾಗಿಲ ಮೇಲೆ ಆಗಷ್ಟೇ ಕಟ್ಟಿದ ಬ್ಯಾನರಿನಲ್ಲಿ ಅವಳೇ ಎಂಟು ಅಡಿ ಎತ್ತರಕ್ಕೆ ನಗುತ್ತಿದ್ದಳು. ಪಕ್ಕದಲ್ಲಿ ಸಂಜೀವಕುಮಾರ ತುಟಿ ಸೇರಿಸಿಕೊಂಡು, ಗದ್ದ ಇಳಿಸಿಕೊಂಡು, ಶ್ರೀಶೈಲಪ್ಪ ಹೇಳಿದ ಹಾಗೆಯೇ ಇದ್ದ. ಸಿದ್ದವ್ವ ಬ್ಯಾನರು ನೋಡಿ ಟೆಂಪೋದ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು.

ಬೀಗರನ್ನು ಎದುರುಗೊಳ್ಳಲು ಅತ್ತೆ ಸಾವಂತ್ರವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳು ತಲೆಯೆತ್ತಿ ಬ್ಯಾನರನ್ನು ನೋಡಿದಳು, ತಲೆಯಿಳಿಸಿ ಸುನಂದಾಳನ್ನು ನೋಡಿದಳು.

"ಹಲ್ಲು ಕಾಣಸಾಕತ್ತಾವಲ್ಲ" ಎಂದಳು ಸಾವಂತ್ರವ್ವ.

ಸುನಂದಾಳ ಕೈ ತಾನಾಗಿಯೇ ಮೇಲೆದ್ದಿತು. ಎದೆಯ ಮಟ್ಟಕ್ಕೆ ಬಂದಾಗ ಅವಳು ಅದನ್ನು ತಡೆದು ಕೆಳಗಿಳಿಸಿದಳು.

"ಹೌದ್ರಿ ಅತ್ತಿ. ಮೊದಲಿಂದ ಹಿಂಗ ಅದಾವು. ನಿಮಗ ತೋರಸ್ರಿ ಅಂತ ಎಂಟು ದಿನದ ಹಿಂದ ಅವರಿಗೆ ಫೋಟೋ ಕಳಿಸಿದ್ದೆ."

ಸಾವಂತ್ರವ್ವ ಮಗನ ಕಡೆ ತಿರುಗಿದಳು. ಸಂಜೀವಕುಮಾರ ತನ್ನ ಹೊಸ ಬೂಟುಗಳನ್ನು ನೋಡುತ್ತಿದ್ದ.

"ನಿನ್ನ ಕಡೆ ಇತ್ತೇನೋ ಇದು?"

"ಇತ್ತವಾ."

"ಈ ಹುಡಗಿ ಊರ ಮುಂದ ತೋರಿಸಿ ನಿಂತಾಳ" ಎಂದಳು ಸಾವಂತ್ರವ್ವ, ನೆರೆದವರೆಲ್ಲರಿಗೂ ಕೇಳುವಂತೆ. "ನೀ ಮನ್ಯಾಗ ಅವ್ವಗ ತೋರಸಾಕ ಎಂಟು ದಿನ ಅಂಜಿದಿ. ಕನ್ಯಾ ನೋಡಾಕ ಹೋದಾಗ ನಾವು ಮೊದಲ ನಿನ್ನ ಬಾಯಿ ತೆರದು ನೋಡಬೇಕಿತ್ತು."

ಹಾಗೆಂದವಳೇ ಆರತಿ ತಟ್ಟೆಯನ್ನು ಸುನಂದಾಳ ಮುಖದ ಮುಂದೆ ಎತ್ತಿದಳು. ಸುನಂದಾ ನಕ್ಕಳು. ಹಳದಿ ಹಚ್ಚಿದ ಎರಡೂ ಕೈ ಕೆಳಗೇ ಇದ್ದವು.