ಬಾವಿಗೆ ಬಂದ ಹಸಿರು ನೀರು

ನೀರಕ್ಕನ ಕಿವಿ ಎಷ್ಟು ಚುರುಕೆಂದರೆ, ನೆಲದಡಿಯ ನೀರು ಮಗ್ಗುಲು ಬದಲಿಸಿದರೂ ಅವಳಿಗೆ ನಿದ್ದೆಯಿಂದ ಎಚ್ಚರವಾಗುತ್ತದೆ. ನಂಬದವರು ಅವಳ ಗಂಡನನ್ನು ಕೇಳಬಹುದು. ಅವನು ದರ್ಜಿ, ಅಳತೆ ಮೀರಿ ಮಾತಾಡುವವನಲ್ಲ.

ಹೊಲಕ್ಕೆ ದನದ ಗೊಬ್ಬರ ಹರಡುವ ಮುನ್ನ, ಅದರ ಸಾರ ಅಡಿಯ ನೀರಿಗೆ ಇಳಿದೀತೇ ಎಂದು ನೋಡಿ ಹೇಳುವುದು ಅವಳ ಉದ್ಯೋಗ. ಕಬ್ಬಿಣದ ಕೊಳವೆಯನ್ನು ನೆಲಕ್ಕೆ ತಿರುವಿ ಮಣ್ಣೆತ್ತುತ್ತಾಳೆ. ಮರಳೋ ಜೇಡಿಯೋ ಎಂದು ಬೆರಳಲ್ಲಿ ಉಜ್ಜಿ ನೋಡುತ್ತಾಳೆ. ಇಷ್ಟನ್ನು ಕೃಷಿ ಇಲಾಖೆ ಕಲಿಸಿದೆ. ಆಮೇಲೆ ಹೊಲದ ನಡುವೆ ಅಂಗಾತ ಮಲಗಿ ಕಣ್ಣು ಮುಚ್ಚುತ್ತಾಳಲ್ಲ, ಅದನ್ನು ಯಾರೂ ಕಲಿಸಿದ್ದಲ್ಲ. ಆಗ ಹೊಲವೆಲ್ಲ ಗಾಜಾಗಿಬಿಡುತ್ತದಂತೆ. ಕೆಳಗೆ ನೀರು, ನಿದ್ದೆಗಣ್ಣಿನಲ್ಲಿ ಗೋಡೆ ತಡವಿಕೊಂಡು ನಡೆಯುವ ಮುದುಕಿಯ ಹಾಗೆ, ಬಂಡೆಯಿಂದ ಬಂಡೆಗೆ ಸಾಗುತ್ತಿರುತ್ತದಂತೆ. ಒಮ್ಮೆ ಹಾಗೆ ಮಲಗಿದ್ದವಳ ಮೇಲೆ ಹುಲ್ಲು ಬೆಳೆದು, ಆಕಳೊಂದು ಮೇಯಲು ಬಂದಿತ್ತು.

ಅವಳ ಅಕ್ಕ ಭಾವ ಹಸು ಸಾಕಿದವರು. ಕೊಟ್ಟಿಗೆಯ ಹಿಂದಿನ ಗೊಬ್ಬರದ ಗುಡ್ಡೆ ಹತ್ತಲು ಹೊರಟ ಕಾಗೆ ನಡುದಾರಿಯಲ್ಲಿ ಗೂಡು ಕಟ್ಟಿ ಸುಧಾರಿಸಿಕೊಳ್ಳುತ್ತಿತ್ತು. ಒಂದು ಸಲ ಅವರ ಮಗಳು ಹಸುಗೂಸನ್ನು ಎತ್ತಿಕೊಂಡು ತವರಿಗೆ ಬರುವವಳಿದ್ದಳು. ಎದೆಹಾಲು ಸಾಲದು, ಪುಡಿಹಾಲನ್ನು ಬಾವಿಯ ನೀರಿನಲ್ಲೇ ಕಲಸಬೇಕು. ಗೊಬ್ಬರದ ಸಾರ ಬೆರೆತ ನೀರು ದೊಡ್ಡವರಿಗೆ ಹೇಗೋ ನಡೆದೀತು, ಕುದಿಸಿದರೂ ಕೂಸಿಗೆ ಮಾತ್ರ ಆಗದು, ಮೈ ಉಗುರೆಲ್ಲ ನೀಲಿಗಟ್ಟುತ್ತದೆ. ಅದಕ್ಕೇ ಭಾವ ಗುಡ್ಡೆಯನ್ನೆಲ್ಲ ಬಾವಿಯಿಂದ ಬಲು ದೂರ, ದಿಬ್ಬದ ಮೇಲಿನ ಹೊಲಕ್ಕೆ ಹರಡಲು ಸಜ್ಜಾಗಿದ್ದ.

ನೀರಕ್ಕ ದಿಬ್ಬದ ಮೇಲೆ ಮಲಗಿ ಎದ್ದು ಬಂದಳು.

"ಭಾವ, ಅಲ್ಲಿ ಬೇಡ. ಮಣ್ಣು ಚಾದರದಷ್ಟು ತೆಳ್ಳಗಿದೆ. ಅಡಿಯಲ್ಲಿ ಬಂಡೆ ಬಿರುಕು ಬಿಟ್ಟಿದೆ. ಮನೆಮುಂದಿನ ತಗ್ಗಿನ ಹೊಲಕ್ಕೆ ತೆಳ್ಳಗೆ ಹರಡಿ. ಅದು ಬಾವಿಗಿಂತ ಕೆಳಗಿದೆ, ದಪ್ಪ ಜೇಡಿಮಣ್ಣು."

"ಏನೇ ನಾದಿನಿ, ಕಿಟಕಿ ಕೆಳಗೇ ಗೊಬ್ಬರ ಹಾಕ್ಲಾ? ದಿಬ್ಬ ಎಲ್ಲಿ, ಬಾವಿ ಎಲ್ಲಿ! ಅಲ್ಲಿಂದ ನಡ್ಕೊಂಡು ಬರೋಷ್ಟರಲ್ಲಿ ನಂಗೇ ಚಪ್ಪಲಿ ಸವೆಯುತ್ತೆ."

"ನೀರು ಚಪ್ಪಲಿ ಹಾಕಲ್ಲ, ಭಾವ."

"ಊರಿಗೆಲ್ಲ ಬುದ್ಧಿ ಹೇಳ್ತಾಳೆ, ಹೇಳ್ಲಿ ಬಿಡಿ," ಎಂದು ಅಕ್ಕ ಮೂಗು ಮುರಿದಳು. ಹಿತ್ತಲ ಗಿಡ ಮದ್ದಲ್ಲ ತಾನೆ.

ನೀರಕ್ಕ ವಾದ ಬೆಳೆಸಲಿಲ್ಲ. ದಿಬ್ಬದ ಮೇಲೆ ಗುಂಡಿ ತೋಡಿ, ಯಾರಿಗೂ ಕೇಡು ಮಾಡದ ಹಸಿರು ಬಣ್ಣದ ಪುಡಿಯನ್ನು ನೀರಲ್ಲಿ ಕಲಸಿ ಸುರಿದಳು.

"ಕೂಸು ಬರೋದ್ರೊಳಗೆ ಇದು ಬಾವಿಗೆ ಬರದಿದ್ರೆ ಹರಡ್ಕೊಳ್ಳಿ. ಅಲ್ಲೀವರೆಗೆ ಗುಡ್ಡೆ ಮುಟ್ಬೇಡಿ."

"ಬಂದ್ರೆ ನನ್ನ ಮೀಸೆ ಬೋಳಿಸ್ತೀನಿ," ಎಂದ ಭಾವ. ಅವನ ಮೀಸೆ ಮನುಷ್ಯನಿಗಿಂತ ಮೊದಲು ಬಾಗಿಲು ದಾಟುವಂಥದ್ದು.

ಮಳೆ ಬಂತು, ಹೋಯಿತು. ಬಾವಿ ತಿಳಿಯಾಗಿಯೇ ಇತ್ತು. ನೀರಕ್ಕ ದಿನಾ ಬಂದು ಬಾವಿಕಟ್ಟೆಯ ಮೇಲೆ ಕೂತು ಒಳಗೆ ನೋಡುತ್ತಿದ್ದಳು. ನೀರೊಳಗಿನ ಆಕಾಶದಲ್ಲಿ ಮೋಡಗಳು ಅವಳ ಮುಖದ ಮೂಲಕವೇ ಹಾದುಹೋಗುತ್ತಿದ್ದವು. ಮಗಳು ಮಾರನೆಯ ದಿನ ಬರುವಳೆಂದಾಗ ಭಾವ ತಾಳ್ಮೆಗೆಟ್ಟು, ಗೊಬ್ಬರ ತುಂಬಿದ ಟ್ರಾಕ್ಟರನ್ನು ದಿಬ್ಬಕ್ಕೆ ಹೊರಡಿಸಿದ.

ಆಗ ಅಕ್ಕ ಹಿತ್ತಲಿನಿಂದ ಕೂಗಿದಳು, "ಅಯ್ಯೋ, ಇಲ್ಲಿ ಬನ್ರೀ! ನಿಮ್ಮ ಬಿಳಿ ಅಂಗಿ ಗಿಣಿಯಾಗಿದೆ!"

ಬಕೆಟ್ಟಿನಲ್ಲಿ ಅಂಗಿ, ಪಂಚೆ, ಕೂಸಿಗೆಂದು ಹೊಲಿಸಿದ ಕುಲಾವಿ, ಎಲ್ಲವೂ ಎಳೆಹಸಿರು. ಬಾವಿ, ಎಳೆ ಎಲೆಯೊಳಗಿಂದ ಸೂರ್ಯನನ್ನು ನೋಡಿದಂತೆ, ತಣ್ಣಗೆ ಹೊಳೆಯುತ್ತಿತ್ತು. ಭಾವ ಬಗ್ಗಿ ನೋಡಿದ. ದಿಬ್ಬದ ಕಡೆ ನೋಡಿದ. ಕುಲಾವಿಯನ್ನು ಕೈಗೆತ್ತಿಕೊಂಡು ಹಿಂಡಿದ. ಬೆರಳ ಸಂದಿನಿಂದ ಹಸಿರು ಸೋರಿತು.

"ಗೊಬ್ಬರದ ಸಾರ ಬಂದಿದ್ರೆ ಬಣ್ಣ ಇರ್ತಿರ್ಲಿಲ್ಲ ಅಲ್ವೇನೇ?" ಎಂದ, ಮೆಲ್ಲಗೆ.

"ಇರ್ತಿರ್ಲಿಲ್ಲ, ಭಾವ. ವಾಸನೆ ಕೂಡ."

ಅವನು ಟ್ರಾಕ್ಟರನ್ನು ತಗ್ಗಿನ ಕಡೆಗೆ ತಿರುಗಿಸಿದ.

ಬಾವಿ ತಿಳಿಯಾಗುವ ತನಕ ಪಕ್ಕದ ಮನೆಯಿಂದ ನೀರು ಹೊತ್ತರು. ಮಗಳು ಮೂಗಿಗೆ ಸೆರಗು ಹಿಡಿದು, "ಅಪ್ಪಾ, ಗೊಬ್ಬರಕ್ಕೆ ಜಗತ್ತಲ್ಲಿ ಬೇರೆ ಜಾಗ ಸಿಗ್ಲಿಲ್ವಾ?" ಎಂದು ರೇಗಿದಳು. ಬೋಳು ತುಟಿಯ ಆ ಮುದುಕ ತನ್ನಪ್ಪನೇ ಎಂದು ಗುರುತಿಸಲು ಅವಳಿಗೆ ಅರ್ಧ ಗಳಿಗೆ ಹಿಡಿದಿತ್ತು.

"ಇಡೀ ಜಗತ್ತು ಹುಡುಕಿದೆ ಮಗಳೇ," ಎಂದ ಅವನು, ಹಾಲು ಕುಡಿದು ಅವನ ತೋಳಿನಲ್ಲೇ ನಿದ್ದೆಹೋದ ಕೂಸಿನ ಉಗುರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತ. ಎಲ್ಲವೂ ಕೆಂಪಗಿದ್ದವು.