ಟ್ರಂಕಿನಡಿಯ ಹಾಳೆಗಳು

ರಾಯಚೂರಿನ ಗಡಿಗೆಪ್ಪ ಮಾಸ್ತರರಿಗೆ ಹೆಂಡತಿ ಹಾಕಿದ ಉಪ್ಪಿನ ಮೇಲೂ ಅನುಮಾನ. ೧೯೮೨ರಲ್ಲಿ ನಾಲ್ಕಾರು ಜನ ಸೇರಿ ಕಣ್ಣಿಲ್ಲದ ವಿದ್ಯಾರ್ಥಿಗಳಿಗಾಗಿ ಪಾಠಗಳನ್ನು ಹಾಳೆಗೆ ಚುಚ್ಚಿ ಉಬ್ಬಿಸಿದ, ಬೆರಳಾಡಿಸಿ ಓದುವ ಬ್ರೈಲ್ ಚುಕ್ಕಿಗಳಲ್ಲಿ ಪುಕ್ಕಟೆ ಬರೆದುಕೊಡತೊಡಗಿದಾಗ, ತಪ್ಪು ಹುಡುಕುವ ಕೆಲಸ ಇವರ ಪಾಲಿಗೇ ಬಂತು. ಒಂದೊಂದು ಹಾಳೆಯನ್ನೂ ಬಿಸಿಲಿಗೆ ಹಿಡಿದು ನೋಡುವರು. ಪಾಸಾದದ್ದನ್ನು ಯಾರಾದರೂ ಬದಲಿಸಿಯಾರೆಂದು ಕಬ್ಬಿಣದ ಟ್ರಂಕಿನಡಿ ಇಟ್ಟು, ವಾರಕ್ಕೊಮ್ಮೆ ಮಾನ್ವಿಯ ವಿದ್ಯಾರ್ಥಿಗಳಿಗೆ ಕಳಿಸುವರು.

ಅಲ್ಲಿ ಓದುತ್ತಿದ್ದ ಮೌನಪ್ಪನಿಂದ ದೂರು ಬಂತು: ಚುಕ್ಕಿಗಳು ಬೆರಳಿಗೆ ಸಿಗುತ್ತಿಲ್ಲ.

ಮಾಸ್ತರರ ಅನುಮಾನ ನೆಟ್ಟಗೆ ಆ ಹಾಳೆಗಳನ್ನು ಬರೆದ ದೇವದುರ್ಗದ ಬಸವಂತಮ್ಮನ ಮೇಲೆ ಹೋಯಿತು. "ಪುಕ್ಕಟೆ ಕೆಲಸಂತ ಮೆತ್ತಗ ಚುಚ್ಚಾಕತ್ತಾಳ!" ಎಂದು ಮೂರು ಸಲ ತಿರುಗಿ ಬರೆಸಿದರು. ದೂರು ನಿಲ್ಲಲಿಲ್ಲ.

ಕೊನೆಗೆ ಮೌನಪ್ಪನೇ ಬಸ್ಸು ಹತ್ತಿ ಮಾಸ್ತರರ ಮನೆಗೆ ಬಂದ. ಬಸವಂತಮ್ಮ ಬೊಬ್ಬೆಯೆದ್ದ ಬೆರಳಿನಿಂದ ಆಗಷ್ಟೇ ತಂದ ಹಾಳೆ ಕೊಟ್ಟಳು. ಅವನು ಎಲ್ಲೂ ನಿಲ್ಲದೆ ಓದಿದ. ಮಾಸ್ತರರು ಟ್ರಂಕಿನಡಿಯಿಂದ ಅವಳದೇ ಇನ್ನೊಂದು ಹಾಳೆ ಎಳೆದುಕೊಟ್ಟರು. ಮೌನಪ್ಪನ ಬೆರಳು ಮೊದಲ ಸಾಲಿನಲ್ಲೇ ತಡವರಿಸಿತು.

"ಇದರ ಮ್ಯಾಲ ಏನಿಟ್ಟಿದ್ರಿ ಸರ? ಚುಕ್ಕಿ ಎಲ್ಲಾ ಅಪ್ಪಚ್ಚಿ ಆಗ್ಯಾವ."

ಬಸವಂತಮ್ಮ ಟ್ರಂಕನ್ನೇ ನೋಡಿದಳು. ಮಾಸ್ತರರೂ ನೋಡಿದರು. ಆಮೇಲೆ ಅಡುಗೆಮನೆಯಲ್ಲಿದ್ದ ಹೆಂಡತಿಯತ್ತ ತಿರುಗಿ ಗುಡುಗಿದರು:

"ಏ ಇಕಿನ, ಈ ಟ್ರಂಕಿನ್ಯಾಗ ಇಷ್ಟು ವಜ್ಜಿ ಸಾಮಾನು ತುಂಬಿದಾಕಿ ನೀನ ಹೌದಲ್ಲೋ?"