ಹುಸೇನಸಾಬನ ಬಹುವಚನ

“ನಿಮ್ಮ ರೇಡಿಯೋ ತಯಾರ್ ಐತ್ರಿ. ತಗೊಂಡು ಹೋಗ್ರಿ.”

ಕಳೆದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಹುಸೇನಸಾಬ ನನಗೆ ಹೇಳಿದ ಮಾತಿದು. ಇದರಲ್ಲಿ ನಿಮಗೆ ಯಾವ ತಪ್ಪೂ ಕಾಣಿಸಲಿಕ್ಕಿಲ್ಲ. ವ್ಯಾಕರಣದ ದೃಷ್ಟಿಯಿಂದ ನನಗೂ ಕಾಣಿಸಲಿಲ್ಲ. ಆದರೂ ಅವನ ಅಂಗಡಿಯ ಮೆಟ್ಟಿಲ ಮೇಲೆ ನಾನು ನಿಂತಲ್ಲೇ ನಿಂತುಬಿಟ್ಟೆ.

ಏಕೆಂದರೆ ಮೂವತ್ತೈದು ವರ್ಷಗಳ ಗೆಳೆತನದಲ್ಲಿ ಅವನು ನನ್ನನ್ನು ‘ನೀವು’ ಎಂದದ್ದು ಅದೇ ಮೊದಲು.

ನಾವಿಬ್ಬರೂ ಅಣ್ಣಿಗೇರಿಯ ಒಂದೇ ಶಾಲೆಯ ಒಂದೇ ಬೆಂಚಿನವರು. ನಾನು ಓದಿ ಕನ್ನಡ ಮಾಸ್ತರನಾದೆ. ಅವನು ಟೂರಿಂಗ್ ಟಾಕೀಜಿನಲ್ಲಿ ಪ್ರೊಜೆಕ್ಟರ್ ನಡೆಸುತ್ತ ಸಂಶಿ, ಕುಂದಗೋಳ, ಕಲಘಟಗಿ ಎಂದು ತಿರುಗಾಡಿ, ಕೊನೆಗೆ ಸ್ಟೇಶನ್ ರಸ್ತೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಹಾಕಿದ. ನಾನು ಎಂದು ಹೋದರೂ ಅವನ ಸ್ವಾಗತಭಾಷಣ ಒಂದೇ: “ಬಾರಲೇ ಮಾಸ್ತರಾ, ನಿನ್ನ ಡಬ್ಬಿ ಇನ್ನೂ ಸತ್ತಿಲ್ಲ. ಕುಂದ್ರು.” (ನನ್ನ ವಿದ್ಯಾರ್ಥಿಗಳು ಎದುರಿಗಿದ್ದರೂ ಇದೇ. ಅವರ ಮುಂದಾದರೂ ‘ಲೇ’ ಬಿಡು ಎಂದು ನಾನು ಬೇಡಿಕೊಂಡದ್ದುಂಟು.)

ಈಗ ಬಿಟ್ಟಿದ್ದ. ಮರ್ಯಾದೆ ಸಿಕ್ಕಿತೆಂದು ನಾನು ಸಂತೋಷಪಡಬೇಕಿತ್ತಲ್ಲವೇ?

ಪಡಲಿಲ್ಲ. ಕಾರಣ ನನಗೆ ಗೊತ್ತಿತ್ತು. ಅದು ಹಿಂದಿನ ದಿನ, ಅಂದರೆ ಭಾನುವಾರ, ‘ನಾಕ್ ಕುರ್ಚಿ’ಯಲ್ಲಿ ನಡೆದಿತ್ತು.

ಈ ಅಂಕಣದ ಓದುಗರಿಗೆ ‘ನಾಕ್ ಕುರ್ಚಿ’ ಹೊಸದಲ್ಲ. ಹೊಸಬರಿಗಾಗಿ ಎರಡು ಮಾತು. ತಿಂಗಳಿಗೆ ಎರಡು ಭಾನುವಾರ, ಮಧ್ಯಾಹ್ನ ಮೂರಕ್ಕೆ, ನಮ್ಮೂರಿನ ದಲಾಲರೊಬ್ಬರ ಕಾಳಿನ ಗೋದಾಮಿನಲ್ಲಿ ಸಿನಿಮಾ ತೋರಿಸುತ್ತೇವೆ. ಹೊರದೇಶದ ಸಿನಿಮಾ, ಹಳೆಯ ಸಿನಿಮಾ, ಬೇರೆಲ್ಲೂ ಬಾರದ ಸಿನಿಮಾ. ಕಿಟಕಿಗಳಿಗೆ ಗೋಣಿಚೀಲ ಹೊಡೆದು ಕತ್ತಲು ಮಾಡುತ್ತೇವೆ. ಎರಡು ಧೋತರ ಕೂಡಿಸಿ ಹೊಲಿದದ್ದು ನಮ್ಮ ಪರದೆ. ರೀಲಿನ ಪೆಟ್ಟಿಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತದೆ. ಸಿನಿಮಾ ಮುಗಿದ ಮೇಲೆ ಬದಿಗಿಟ್ಟ ನಾಲ್ಕು ಕುರ್ಚಿಗಳನ್ನು ಪರದೆಯ ಮುಂದೆ ಎಳೆದು, ಒಂದು ಮೈಕು ಇಟ್ಟು, ನಾಲ್ವರು ಗೆಳೆಯರು ಒಂದು ತಾಸು ಚರ್ಚಿಸುತ್ತೇವೆ. ಔಷಧಿ ಅಂಗಡಿಯ ಸಂಗಪ್ಪ, ಶಲವಡಿಯ ಶಾಲೆಯ ಕಸ್ತೂರಿ ಅಕ್ಕೋರು, ಹುಸೇನಸಾಬ ಮತ್ತು ನಾನು. ಬಸ್ ನಿಲ್ದಾಣದ ಬಾಜೂಕ್ಕೆ ಇರುವ ವಿಡಿಯೋ ಸೆಂಟರಿನಲ್ಲಿ ಅದೇ ಹೊತ್ತಿಗೆ ಭರ್ಜರಿ ಹೊಡೆದಾಟ ನಡೆದಿರುತ್ತದೆ. ಆದರೂ ನಮ್ಮ ಗೋದಾಮು ತುಂಬುತ್ತದೆ. ಅವರಲ್ಲಿ ಅರ್ಧ ಜನ ಸಿನಿಮಾಕ್ಕೆ ಬರುತ್ತಾರೆ, ಇನ್ನರ್ಧ ಜನ ನಮ್ಮ ಜಗಳಕ್ಕೆ ಬರುತ್ತಾರೆ.

ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಆಗಿಂದಾಗಲೇ ಕನ್ನಡಕ್ಕೆ ತಂದು ಮೈಕಿನಲ್ಲಿ ಹೇಳುವ ಕೆಲಸ ನನ್ನದು. ಶುದ್ಧವಾಗಿ ಹೇಳುತ್ತೇನೆ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿರುತ್ತವೆ. (“ನೀ ಕ್ರಿಯಾಪದ ಮುಗಿಸೂದ್ರಾಗ ಪರದೆ ಮ್ಯಾಲಿನಾಂವ ಎರಡು ಊರು ದಾಟಿರ್ತಾನ” ಎಂಬುದು ಸಂಗಪ್ಪನ ಟೀಕೆ. ನಾನು ಲಕ್ಷಿಸುವುದಿಲ್ಲ.)

ಆ ಭಾನುವಾರದ ಸಿನಿಮಾದಲ್ಲಿ ಒಬ್ಬ ಮುದುಕ ಬಡಗಿ, ಒಂದು ಮನೆ, ಒಂದು ಬಾಗಿಲು. ಬಹಳ ಮಾತಿಲ್ಲ. ಚರ್ಚೆಯಲ್ಲಿ ಹುಸೇನಸಾಬನ ಸರದಿ ಬಂತು. ಅವನು ಮೈಕು ಹಿಡಿದು ಹೇಳತೊಡಗಿದ: “ಆ ಮುದುಕ ಮನಿಯೊಳಗ ಬರುಮುಂದ ನೋಡ್ರಿ, ಮೊದಲ ಅವನ ನೆಳ್ಳು...”

“ನೆರಳು” ಎಂದೆ ನಾನು.

“ಆಂ?”

“ನೆರಳು ಎನ್ನಬೇಕು. ನೆಳ್ಳು ಅಶುದ್ಧ.”

ನನ್ನ ಮುಂದೆಯೂ ಅನುವಾದದ ಮೈಕು ಇತ್ತು ಎಂಬುದನ್ನು ನಾನು ಮರೆತಿದ್ದೆನೇ? ಇಲ್ಲ. ಇಪ್ಪತ್ತೆರಡು ವರ್ಷ ಪಾಠ ಹೇಳಿದವನ ನಾಲಿಗೆ ಅದು. ತಪ್ಪು ಕಂಡಲ್ಲಿ ಎದ್ದು ನಿಲ್ಲುತ್ತದೆ. ಜನ ಗೊಳ್ಳೆಂದು ನಕ್ಕರು. ಹಿಂದಿನಿಂದ ಯಾರೋ “ಹುಸೇನಸಾಬ್ರ, ಹತ್ತು ಸರ್ತಿ ಬರೀರಿ!” ಎಂದು ಕೂಗಿದರು. ಹುಸೇನಸಾಬನೂ ನಕ್ಕ. ಮೈಕನ್ನು ಮೆಲ್ಲಗೆ ಕೆಳಗಿಟ್ಟ. “ಮಾಸ್ತರ್ ಹೇಳಲಿ” ಎಂದು ಕುಳಿತ.

ನೆರಳಿನ ಬಗ್ಗೆ ಅವನು ಏನು ಹೇಳಲಿದ್ದ? ಆ ಹೊತ್ತಿಗೆ ನಾನು ಕೇಳಲೂ ಇಲ್ಲ. ಮರುದಿನದಿಂದ ‘ನೀವು’ ಶುರುವಾಯಿತು.

ನಮ್ಮ ಸೀಮೆಯಲ್ಲಿ ನಿಜವಾದ ಸಿಟ್ಟು ಬಂದಾಗ ದನಿ ಏರುವುದಿಲ್ಲ, ವಚನ ಏರುತ್ತದೆ. ನಿಮ್ಮ ಮನೆಯಲ್ಲೇ ನೋಡಿ. ಅಣ್ಣ ತಮ್ಮನನ್ನು “ಏಳಲೇ, ಉಣ್ಣಾಕ” ಎಂದರೆ ಎಲ್ಲವೂ ನೆಟ್ಟಗಿದೆ. “ಏಳ್ರಿ ಸಾಹೇಬ್ರ, ಊಟಕ್ಕ ದಯಮಾಡಸ್ರಿ” ಎಂದನೋ, ಅಡುಗೆಮನೆಯವರೆಗೆ ಸುದ್ದಿ ಮುಟ್ಟುತ್ತದೆ. ಬೈಗುಳಕ್ಕೆ ಉತ್ತರ ಕೊಡಬಹುದು. ಮರ್ಯಾದೆಗೆ ಏನು ಉತ್ತರ ಕೊಡುವುದು?

ಮುಂದಿನ ಪ್ರದರ್ಶನಕ್ಕೆ ಹುಸೇನಸಾಬ ಬಂದ. ಎಂದಿನಂತೆ ಪ್ರೊಜೆಕ್ಟರ್ ನಡೆಸಿದ. ಚರ್ಚೆಗೆ ಮಾತ್ರ ಕೂಡಲಿಲ್ಲ. “ರೀಲು ಸುತ್ತೂದೈತ್ರಿ” ಎಂದು ಹಿಂದೆಯೇ ನಿಂತ. ನಾಲ್ಕನೆಯ ಕುರ್ಚಿ ಖಾಲಿ. ಮೂವರೇ ಮಾತನಾಡಿದೆವು, ಮಾತು ಏಳಲಿಲ್ಲ. ಸಂಗಪ್ಪ ಪುಸ್ತಕದಲ್ಲಿ ಓದಿದ್ದನ್ನು ಹೇಳಿದ, ನಾನು ಕಥೆ ಹೇಳಿದೆ, ಅಕ್ಕೋರು ಗಡಿಯಾರ ನೋಡಿದರು. ಚರ್ಚೆ ಮುಗಿಯುವ ಮೊದಲೇ ಜನ ಎದ್ದು ಹೊರಟರು.

ಬಸ್ಸಿಗೆ ಹೋಗುವಾಗ ಅಕ್ಕೋರು ನನಗೆ ನೇರವಾಗಿಯೇ ಹೇಳಿದರು: “ಸರ್, ನಾವು ಮೂರೂ ಮಂದಿ ಸಿನಿಮಾದ ಮಾತು ಕೇಳತೀವಿ. ಸಿನಿಮಾ ನೋಡಾವ್ರು ಹುಸೇನಣ್ಣ ಒಬ್ಬರ. ಅವರು ಕುಂದರೂದಿಲ್ಲ ಅಂದರ ನಾನೂ ಶಲವಡಿಯಿಂದ ಇಷ್ಟು ದೂರ ಬರೂದಿಲ್ಲ.”

ಮಾತು ಸರಿಯಾಗಿತ್ತು. ವಾಕ್ಯವೂ ಸರಿಯಾಗಿತ್ತು.

ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ನಾನು ಮುದ್ರಣಾಲಯವೊಂದಕ್ಕೆ ಕರಡು ತಿದ್ದಿಕೊಡುತ್ತೇನೆ. ದೊಡ್ಡ ನಿಘಂಟು ಸದಾ ಮೇಜಿನ ಮೇಲಿರುತ್ತದೆ. ಆ ವಾರ ಬೇರೇನೋ ಹುಡುಕುತ್ತಿದ್ದಾಗ ಕಣ್ಣು ‘ನೆರಳು’ ಮೇಲೆ ಬಿತ್ತು. ಹಳಗನ್ನಡದ ರೂಪ ‘ನೆೞಲ್’. ಅದರಿಂದ ‘ನೆಳಲು’. ನಾನು ಶುದ್ಧವೆಂದು ಎದೆತಟ್ಟಿದ ‘ನೆರಳು’ ಆಮೇಲೆ ರೂಪ ಬದಲಿಸಿಕೊಂಡು ಬಂದದ್ದು. ಹುಸೇನಸಾಬನ ‘ನೆಳ್ಳು’ ನೇರವಾಗಿ ಹಳೆಯ ಮನೆತನದ್ದು. ನಾನು ತಪ್ಪು ತಿದ್ದಿರಲಿಲ್ಲ. ಸರಿಯಾದದ್ದನ್ನು ಕೆಡಿಸಿದ್ದೆ!

ನಿಘಂಟನ್ನು ಕಂಕುಳಲ್ಲಿಟ್ಟುಕೊಂಡು ಅವನ ಅಂಗಡಿಗೆ ನಡೆದೆ. ಪುಟ ತೆರೆದು ತೋರಿಸಿದೆ. ಮೂಲರೂಪ, ವರ್ಣವ್ಯತ್ಯಾಸ, ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಅವನು ಕೇಳಿದ. ಬೆಸುಗೆಯ ಕಡ್ಡಿ ಕೆಳಗಿಡದೆಯೇ ಹೇಳಿದ: “ಬುಕ್ಕಿನ್ಯಾಗ ಐತಿ ಅಂದರ ಸರಿ ಇರಬೇಕ್ರಿ. ಚಾ ತಗೋತೀರೇನ್ರಿ?”

ಕ್ಷಮೆ ಕೇಳಲು ಹೋದವನು ಇನ್ನೊಂದು ಪಾಠ ಹೇಳಿ ಬಂದಿದ್ದೆ.

ಅದರ ನಂತರದ ಪ್ರದರ್ಶನಕ್ಕೂ ನಿಘಂಟು ಒಯ್ದೆ. ಎಲ್ಲರ ಮುಂದೆ ತಿದ್ದಿದ್ದನ್ನು ಎಲ್ಲರ ಮುಂದೆಯೇ ಹಿಂತೆಗೆದುಕೊಳ್ಳಬೇಕು, ಅದು ಕ್ರಮ. ಖಾಲಿಯಿದ್ದ ನಾಲ್ಕನೆಯ ಕುರ್ಚಿಯ ಮೇಲೆ ಅದನ್ನಿಟ್ಟು, ನನ್ನ ಮೈಕಿನ ಮುಂದೆ ಕುಳಿತೆ.

ಸಿನಿಮಾ ಯಾವುದೋ ಹಿಮದ ದೇಶದ್ದು. ಇಬ್ಬರು ಗೆಳೆಯರು ಕೂಡಿ ಬ್ರೆಡ್ಡಿನ ಭಟ್ಟಿ ನಡೆಸುತ್ತಾರೆ. ಜಗಳವಾಗುತ್ತದೆ. ಒಬ್ಬ ಊರು ಬಿಡುತ್ತಾನೆ. ಎಷ್ಟೋ ವರ್ಷಗಳ ಮೇಲೆ, ಒಂದು ಬೆಳಿಗ್ಗೆ, ಬಾಗಿಲು ತೆರೆದು ಒಳಗೆ ಬಂದು ನಿಲ್ಲುತ್ತಾನೆ. ಇನ್ನೊಬ್ಬ ಹಿಟ್ಟು ನಾದುತ್ತಿದ್ದಾನೆ. ತಲೆಯೆತ್ತಿ ನೋಡಿ ಒಂದೇ ಮಾತು ಆಡುತ್ತಾನೆ. ಪರದೆಯ ಕೆಳಗೆ ಬಂದದ್ದು: ‘ಯು ಆರ್ ಲೇಟ್.’

ಇಂಗ್ಲಿಷಿನ ದಾರಿದ್ರ್ಯ ನೋಡಿ! ನೀನೂ ‘ಯು’, ನೀವೂ ‘ಯು’. ಆರಿಸಬೇಕಾದವನು ನಾನು. ಮಾತು ಬಿಟ್ಟು ವರ್ಷಗಳೇ ಆದವರು. ಏಕವಚನ ಹೇಗೆ ಬಂದೀತು? ನಾನು ಸ್ಪಷ್ಟವಾಗಿ ಉಚ್ಚರಿಸಿದೆ: “ನೀವು ತಡವಾಗಿ ಬಂದಿದ್ದೀರಿ.”

“ತಪ್ಪು!”

ಪ್ರೊಜೆಕ್ಟರಿನ ಕಟಕಟ ಸದ್ದನ್ನೂ ಮೀರಿ ಹಿಂದಿನಿಂದ ಬಂದ ದನಿ. ಇಡೀ ಗೋದಾಮು ಹೊರಳಿ ನೋಡಿತು.

“ತಪ್ಪ್ರಿ ಮಾಸ್ತರ್ರ! ‘ಎಷ್ಟ್ ತಡಾ ಮಾಡಿದ್ಯಲೇ’ ಅಂತಾನಂವ!”

ಜನ ಚಪ್ಪಾಳೆ ಹೊಡೆದರು. ಸಿನಿಮಾ ಮುಗಿಯಿತು. ಕಿಟಕಿಯ ಗೋಣಿಚೀಲ ಸರಿಸಿದರು. ನಾನು ಮೈಕಿನಲ್ಲೇ ಕೇಳಿದೆ: “ಹುಸೇನಸಾಬರೇ, ನಿಮಗೆ ಆ ಭಾಷೆ ಬಾರದು, ಇಂಗ್ಲಿಷೂ ಬಾರದು. ಯಾವ ಆಧಾರದ ಮೇಲೆ ಏಕವಚನ ಎನ್ನುತ್ತೀರಿ?”

(ಗಮನಿಸಿದಿರಾ? ನಾನೂ ಬಹುವಚನಕ್ಕೆ ಏರಿದ್ದೆ.)

ಅವನು ರೀಲು ಸುತ್ತುತ್ತಲೇ ಹೇಳಿದ: “ಅವನ ಕೈ ನೋಡಲಿಲ್ಲೇನ್ರಿ? ಹಿಟ್ಟು ನಾದೂದು ನಿಲ್ಲಸಲೇ ಇಲ್ಲ. ‘ನೀವು’ ಅನ್ನಾಂವ ಇದ್ದರ ಕೈ ತೊಳಕೊಂಡು, ಒರಸಿಕೊಂಡು, ಕುರ್ಚಿ ಹಾಕತಿದ್ದ. ಮನಿ ಮನಿಷಾ ಬಂದರ ಯಾರು ಕೈ ತೊಳೀತಾರ?”

“ಹಾಗಾದರೆ ಗೆಳೆಯನಿಗೆ ‘ನೀವು’ ಎಂದು ಯಾರು ಅನ್ನುತ್ತಾರೆ?”

“ಸಿಟ್ಟು ಇಳೀಲಾರದಾಂವ ಅಂತಾನ್ರಿ.”

ಸಂಗಪ್ಪ ನನ್ನ ಮುಖ ನೋಡಿದ. ಅಕ್ಕೋರು ನೆಲ ನೋಡಿದರು.

ನಿಘಂಟಿನ ಪುಟಸಂಖ್ಯೆ ನನ್ನ ನಾಲಿಗೆಯ ಮೇಲಿತ್ತು. ಹೇಳಲಿಲ್ಲ. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದೆ: “ಹುಸೇನ, ಅವತ್ತು ನಿನ್ನ ಮಾತು ನಾ ಅರ್ಧಕ್ಕ ಕಡಿದೆ. ತಪ್ಪು ನಂದು. ಆ ಮುದುಕನ ನೆಳ್ಳಿನ ಮಾತು ಪೂರಾ ಮಾಡು.”

ಅವನು ರೀಲು ಸುತ್ತುವುದನ್ನು ನಿಲ್ಲಿಸಿದ.

“ನೆರಳು ಅನ್ರಿ ಮಾಸ್ತರ್ರ” ಎಂದ.

ಗೋದಾಮು ಹಾರಿಹೋಗುವಂತೆ ಜನ ನಕ್ಕರು. ಈ ಸಲ ನಗೆ ನನ್ನ ಪಾಲಿಗೆ ಬಂದಿತ್ತು, ಪೂರ್ತಿಯಾಗಿ ತೆಗೆದುಕೊಂಡೆ. ನಗು ಇಳಿಯುವವರೆಗೆ ಕಾಯ್ದು, ಕೈ ಒರೆಸಿಕೊಳ್ಳದೆಯೇ, ಅವನು ಮುಂದೆ ಬಂದ. ಮೈಕಿನ ಹಂಗಿಲ್ಲದ ದನಿಯಲ್ಲಿ ಹೇಳಿದ:

“ಆ ಮುದುಕ ಒಳಗ ಬರುಮುಂದ ಮೊದಲ ಅವನ ನೆಳ್ಳು ಬರತೈತಿ, ಆಮ್ಯಾಲೆ ಅಂವ. ಕಡೀಕ ಮನಿ ಬಿಟ್ಟು ಹೋಗುಮುಂದ ಮೊದಲ ಅಂವ ಹೋಗತಾನ, ನೆಳ್ಳು ಹೊಸ್ತಿಲದಾಗ ಜರಾ ನಿಂತು ಹೋಗತೈತಿ. ಮನಿ ಮ್ಯಾಲೆ ಅವನಕಿಂತ ಅವನ ನೆಳ್ಳಿಗೇ ಜೀವ ಭಾಳ. ಅಷ್ಟ ಹೇಳಾಂವ ಇದ್ದೆ.”

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊಡೆಯಲು ಯಾರಿಗೂ ನೆನಪಾಗಲಿಲ್ಲ. ಆ ಸಿನಿಮಾದ ಪ್ರತಿಯೊಂದು ಮಾತನ್ನೂ ಕನ್ನಡಕ್ಕೆ ತಂದವನು ನಾನು. ಸಿನಿಮಾವನ್ನು ಕನ್ನಡಕ್ಕೆ ತಂದವನು ಅವನು. ಒಂದು ‘ರ’ಕಾರಕ್ಕಾಗಿ ಈ ಮಾತನ್ನು ಇಷ್ಟು ದಿನ ನಾನು ಊರಿಗೇ ತಪ್ಪಿಸಿದ್ದೆ.

ಹುಸೇನಸಾಬ ನಾಲ್ಕನೆಯ ಕುರ್ಚಿಯ ಹತ್ತಿರ ಬಂದ. ಅದರ ಮೇಲಿದ್ದ ನಿಘಂಟನ್ನು ಎರಡೂ ಕೈಯಿಂದ ಎತ್ತಿ ನನ್ನ ತೊಡೆಯ ಮೇಲೆ ಧಪ್ಪನೆ ಇಟ್ಟ. ಕುರ್ಚಿಯಲ್ಲಿ ಕುಳಿತ.

“ಹಿಡೀಲೇ ಮಾಸ್ತರಾ, ನಿನ್ನ ಡಬ್ಬಿ” ಎಂದ.

‘ಬಹುವಚನವು ಗೌರವಸೂಚಕ’ ಎಂದು ಬರೆದ ಮಕ್ಕಳಿಗೆಲ್ಲ ಇಪ್ಪತ್ತೆರಡು ವರ್ಷ ಪೂರ್ಣ ಅಂಕ ಕೊಟ್ಟೆನಲ್ಲ, ಆ ಉತ್ತರಪತ್ರಿಕೆಗಳನ್ನೆಲ್ಲ ಈಗ ಎಲ್ಲಿಂದ ತರಿಸಿ ತಿದ್ದಲಿ?